ಟಿಪ್ಸ್: ಕೊಡುವವರ ಹಕ್ಕು, ದುಡಿಯುವವರ ಹಕ್ಕು

ನಾಲ್ವರ ಕುಟುಂಬವೊಂದು ಭಾನುವಾರ ಮಧ್ಯಾಹ್ನ ಬೆಂಗಳೂರಿನ ಯಾವುದೋ ಫ್ಯಾಮಿಲಿ ರೆಸ್ಟೋರೆಂಟಿನಲ್ಲಿ ಊಟ ಮುಗಿಸಿದೆ ಎಂದುಕೊಳ್ಳೋಣ. ಸೋಂಪಿನ ಬಟ್ಟಲಿನ ಜೊತೆ ಬಿಲ್ಲು ಬರುತ್ತದೆ. ಊಟದ್ದು 1,200 ರೂಪಾಯಿ. ಅದರ ಕೆಳಗೆ ‘ಎಸ್.ಸಿ. ಶೇ. 10’ ಎಂದು 120 ರೂಪಾಯಿ. ಎರಡೂ ಸೇರಿದ 1,320ರ ಮೇಲೆ ಶೇ. 5 ಜಿಎಸ್‌ಟಿ, 66 ರೂಪಾಯಿ. ಕಟ್ಟಬೇಕಾದದ್ದು 1,386. ನಡುವಿನ ಆ ಸಾಲು ಇಲ್ಲದಿದ್ದರೆ ತೆರಿಗೆಯೂ ಸೇರಿ 1,260ಕ್ಕೆ ಮುಗಿಯುತ್ತಿತ್ತು. ಹೆಚ್ಚಿಗೆ ಹೋದ 126 ರೂಪಾಯಿಯಲ್ಲಿ ಆರು ರೂಪಾಯಿ, ಕೇಳದೇ ಸೇರಿಸಿದ ಟಿಪ್ಸಿನ ಮೇಲೆ ಬಿದ್ದ ತೆರಿಗೆ. ಎಷ್ಟೋ ಜನ ಆ ‘ಎಸ್.ಸಿ.’ ಎನ್ನುವುದು ಸರ್ಕಾರದ್ದೇ ಇನ್ನೊಂದು ತೆರಿಗೆ ಇರಬೇಕೆಂದು ಸುಮ್ಮನೆ ಕಟ್ಟಿ ಎದ್ದು ಹೋಗುತ್ತಾರೆ.

ಅದು ತೆರಿಗೆಯಲ್ಲ. ಹೋಟೆಲಿನವರು ತಾವೇ ಗೊತ್ತುಮಾಡಿಕೊಂಡ ಸರ್ವಿಸ್ ಚಾರ್ಜ್. ಅದನ್ನು ತೆಗೆಯಿರಿ ಎಂದು ಹೇಳುವ ಪೂರ್ಣ ಹಕ್ಕು ಗ್ರಾಹಕರಿಗಿದೆ. ಹಾಗೆ ಹೇಳಿದರೆ ಬಡಿಸಿದ ಹುಡುಗನ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ ಎಂಬ ಅಳುಕು ಹಲವರಿಗಿದೆ. ಆ ಅಳುಕಿಗೆ ಕಾರಣವಿಲ್ಲ. ಏಕೆಂಬುದು ಕಾನೂನು ನಡೆದುಬಂದ ದಾರಿಯನ್ನು ನೋಡಿದರೆ ತಿಳಿಯುತ್ತದೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2017ರ ಏಪ್ರಿಲ್‌ನಲ್ಲೇ, ಸರ್ವಿಸ್ ಚಾರ್ಜ್ ಕೊಡುವುದು ಗ್ರಾಹಕರ ಇಚ್ಛೆಗೆ ಬಿಟ್ಟದ್ದು ಎಂದು ಮಾರ್ಗಸೂಚಿ ಹೊರಡಿಸಿತ್ತು. ಹೋಟೆಲುಗಳು ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಬಂತು. ಅದರ ಅಡಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹುಟ್ಟಿತು. 2022ರ ಜುಲೈ 4ರಂದು ಈ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯ ಮಾತು ಖಡಕ್ಕಾಗಿತ್ತು. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜನ್ನು ತಾನಾಗಿ ಸೇರಿಸುವಂತಿಲ್ಲ. ಬೇರೆ ಯಾವ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ. ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ. ಕೊಡುವುದಿಲ್ಲ ಎಂದವರಿಗೆ ಒಳಗೆ ಬರಬೇಡಿ ಎನ್ನುವಂತಿಲ್ಲ. ಬಿಲ್ಲಿಗೆ ಸೇರಿಸಿ ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕುವಂತೆಯೂ ಇಲ್ಲ.

ಹೋಟೆಲ್ ಉದ್ಯಮದ ಎರಡು ರಾಷ್ಟ್ರೀಯ ಸಂಘಟನೆಗಳು ದೆಹಲಿ ಹೈಕೋರ್ಟಿಗೆ ಹೋಗಿ, ಅದೇ ತಿಂಗಳ 20ರಂದು ತಡೆಯಾಜ್ಞೆ ತಂದವು. ತಡೆ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. 2025ರ ಮಾರ್ಚ್ 28ರಂದು ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು ಎರಡೂ ಅರ್ಜಿಗಳನ್ನು ವಜಾ ಮಾಡಿ, ಮಾರ್ಗಸೂಚಿಯನ್ನು ಎತ್ತಿಹಿಡಿದರು. ಅರ್ಜಿದಾರರಿಬ್ಬರಿಗೂ ತಲಾ ಒಂದು ಲಕ್ಷ ರೂಪಾಯಿ ದಂಡವೆಚ್ಚ ಬಿತ್ತು. ಕಡ್ಡಾಯವಾಗಿ ಸರ್ವಿಸ್ ಚಾರ್ಜ್ ವಸೂಲಿ ಮಾಡುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ತೀರ್ಪು ಹೇಳಿತು. ‘ಸರ್ವಿಸ್ ಚಾರ್ಜ್’ ಎಂಬ ಹೆಸರೇ ಜನರನ್ನು ತೆರಿಗೆಯೆಂದು ನಂಬಿಸುತ್ತದೆ ಎಂಬುದನ್ನೂ ಕೋರ್ಟು ಗುರುತಿಸಿತು. ಸಂಘಟನೆಗಳು ಆ ವರ್ಷವೇ ವಿಭಾಗೀಯ ಪೀಠಕ್ಕೆ ಮೇಲ್ಮನವಿ ಸಲ್ಲಿಸಿದವು. ಇತ್ತ ಪ್ರಾಧಿಕಾರ, ತೀರ್ಪು ಬಂದ ಮೇಲೂ ವಸೂಲಿ ನಿಲ್ಲಿಸದ ದೆಹಲಿಯ ಐದು ರೆಸ್ಟೋರೆಂಟುಗಳಿಗೆ ಹಣ ಹಿಂದಿರುಗಿಸುವಂತೆ ನೋಟಿಸ್ ಕೊಟ್ಟಿತು.

ದೆಹಲಿಯ ತೀರ್ಪು ನಮಗೇಕೆ ಎಂದು ಹೋಟೆಲಿನ ಮ್ಯಾನೇಜರ್ ಕೇಳಬಹುದು. ಮಾರ್ಗಸೂಚಿ ಕೇಂದ್ರ ಪ್ರಾಧಿಕಾರದ್ದು, ಇಡೀ ದೇಶಕ್ಕೆ ಅನ್ವಯಿಸುವಂಥದ್ದು. ಬೆಂಗಳೂರಿನ ಪಬ್ಬಿಗೂ ಮಂಗಳೂರಿನ ಮೀನೂಟದ ಹೋಟೆಲಿಗೂ ಅದೇ ನಿಯಮ. ‘ಮೆನುವಿನಲ್ಲೇ ಬರೆದಿದ್ದೇವಲ್ಲ ಸಾರ್, ಬಾಗಿಲಲ್ಲೂ ಬೋರ್ಡ್ ಇದೆ’ ಎಂಬ ಉತ್ತರವೂ ಸಿಗಬಹುದು. ಬೋರ್ಡು ಹಾಕಿದ ಮಾತ್ರಕ್ಕೆ ಐಚ್ಛಿಕವಾದದ್ದು ಕಡ್ಡಾಯವಾಗುವುದಿಲ್ಲ.

ಹಾಗೆಂದು ಹೋಟೆಲಿನವರ ಕೈ ಪೂರ್ತಿ ಕಟ್ಟಿದೆ ಎಂದಲ್ಲ. ಒಂದು ಮಸಾಲೆ ದೋಸೆಗೆ ಎಷ್ಟು ಬೆಲೆ ಇಡಬೇಕೆಂಬುದು ಅವರಿಗೆ ಬಿಟ್ಟದ್ದು. ಎ.ಸಿ. ಹಾಲಿಗೆ ಬೇರೆ ದರಪಟ್ಟಿ ಇಟ್ಟು, ಅದನ್ನು ಮೊದಲೇ ತೋರಿಸಿದ್ದರೆ ತಕರಾರು ಮಾಡಲಾಗದು. ನೀರಿನ ಬಾಟಲಿಯ ವಿಷಯದಲ್ಲಂತೂ ಗ್ರಾಹಕರು ತಪ್ಪು ತಿಳಿದಿರುವುದೇ ಹೆಚ್ಚು. ಹೋಟೆಲಿನಲ್ಲಿ ಕೂತು ಕುಡಿಯುವ ಬಾಟಲಿ ನೀರಿಗೆ ಎಂಆರ್‌ಪಿಗಿಂತ ಹೆಚ್ಚು ಬೆಲೆ ಹಾಕಬಹುದೆಂದು ಸುಪ್ರೀಂ ಕೋರ್ಟು 2017ರ ಡಿಸೆಂಬರ್‌ನಲ್ಲಿ ಹೇಳಿದೆ. ಮೇಜು, ಗಾಳಿ, ಬಡಿಸುವಿಕೆ ಎಲ್ಲ ಸೇರಿದ ಸೇವೆ ಅದು ಎಂಬುದು ಕೋರ್ಟಿನ ನಿಲುವು. ವಾಸ್ತವವಾಗಿ ಇದೇ ತರ್ಕ ಸರ್ವಿಸ್ ಚಾರ್ಜಿನ ವಿರುದ್ಧವೂ ನಿಲ್ಲುತ್ತದೆ: ತಿಂಡಿಯ ಬೆಲೆಯಲ್ಲೇ ಬಡಿಸುವುದೂ ಸೇರಿರುವಾಗ, ಅದಕ್ಕೇ ಎಂದು ಮತ್ತೆ ಬೇರೆ ದುಡ್ಡೇಕೆ?

ಇನ್ನು ಆ 120 ರೂಪಾಯಿ ಯಾರಿಗೆ ಹೋಗುತ್ತದೆ ಎಂಬ ಪ್ರಶ್ನೆ. ಸರ್ವಿಸ್ ಚಾರ್ಜ್ ಮೊದಲು ಸೇರುವುದು ಮಾಲೀಕರ ಖಾತೆಗೆ. ಅಲ್ಲಿಂದ ಸಪ್ಲೈಯರ್‌ಗೆ ಎಷ್ಟು, ಅಡುಗೆ ಭಟ್ಟರಿಗೆ ಎಷ್ಟು, ಟೇಬಲ್ ಒರೆಸುವ ಕ್ಲೀನರ್‌ಗೆ ಎಷ್ಟು ಎಂಬುದು ಗ್ರಾಹಕರಿಗೆ ಬಿಲ್ಲಿನಿಂದ ಗೊತ್ತಾಗುವುದಿಲ್ಲ. ಕೈಯಲ್ಲಿ ಕೊಟ್ಟ ಐವತ್ತು ರೂಪಾಯಿ ಯಾರಿಗೆ ಹೋಯಿತೆಂಬುದು ಕಣ್ಣಿಗೆ ಕಾಣುತ್ತದೆ. ಹಾಗಾಗಿ ಸರ್ವಿಸ್ ಚಾರ್ಜ್ ತೆಗೆಸಿ, ಅದೇ ಮೊತ್ತವನ್ನು ಬಡಿಸಿದವರ ಕೈಗಿಡುವುದು ಕಾನೂನಿಗೂ ಸರಿ, ಮರ್ಯಾದೆಗೂ ಸರಿ.

ಫೋನಿನಲ್ಲಿ ಹಣ ಕಟ್ಟುವ ಕಾಲ ಬಂದ ಮೇಲೆ ಸಪ್ಲೈಯರ್‌ಗಳಿಗೆ ಒಂದು ದೊಡ್ಡ ನಷ್ಟವಾಗಿದೆ. ಮೊದಲು ಬಿಲ್ಲಿನ ಚಿಲ್ಲರೆ ಸೋಂಪಿನ ಬಟ್ಟಲಲ್ಲೇ ಉಳಿಯುತ್ತಿತ್ತು. ಈಗ ಮೇಜಿನ ಮೇಲಿನ ಕ್ಯೂಆರ್ ಕೋಡು ಗಲ್ಲಾಪೆಟ್ಟಿಗೆಯದು. ಅದಕ್ಕೆ ಸೇರಿಸಿ ಕಳಿಸಿದ ಟಿಪ್ಸು ಮಾಲೀಕರ ಲೆಕ್ಕಕ್ಕೆ ಸೇರುತ್ತದೆ. ಕೊಡುವ ಮನಸ್ಸಿದ್ದವರು ಹತ್ತು, ಇಪ್ಪತ್ತು, ಐವತ್ತರ ಒಂದೆರಡು ನೋಟು ಜೇಬಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಇಲ್ಲವೇ ‘ನಿಮ್ಮ ನಂಬರಿಗೇ ಹಾಕ್ಲಾ?’ ಎಂದು ಕೇಳಿ, ಅವರ ಫೋನಿಗೇ ಕಳಿಸಬೇಕು. ಎಷ್ಟು ಕೊಡಬೇಕು? ಕಾನೂನಿನಲ್ಲಿ ಲೆಕ್ಕವಿಲ್ಲ. ಕೂತು ಉಣ್ಣುವ ಹೋಟೆಲಿನಲ್ಲಿ ಶೇ. 5ರಿಂದ 10 ಧಾರಾಳವಾಯಿತು. ಟೋಕನ್ ತೆಗೆದುಕೊಂಡು ನಿಂತು ತಿನ್ನುವ ದರ್ಶಿನಿಯಲ್ಲಿ ಯಾರೂ ನಿರೀಕ್ಷಿಸುವುದಿಲ್ಲ; ಆದರೆ ದಿನವಿಡೀ ತಟ್ಟೆ ಲೋಟ ಎತ್ತುವ ಹೆಂಗಸಿಗೆ ಹತ್ತು ರೂಪಾಯಿ ಕೊಟ್ಟರೆ ಅದು ಸಲ್ಲಬೇಕಾದವರಿಗೇ ಸಂದ ಹಣ.

ಅಮೆರಿಕದಿಂದ ರಜೆಗೆ ಬಂದ ಮಗನೋ ಸೊಸೆಯೋ ‘ಅಲ್ಲಿ ಶೇ. 20 ಕೊಡಲೇಬೇಕು’ ಎಂದು ಹೇಳುವುದುಂಟು. ಅಲ್ಲಿನ ಒಕ್ಕೂಟ ಕಾನೂನು ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕರು ಗಂಟೆಗೆ 2.13 ಡಾಲರ್ ನಗದು ಕೂಲಿ ಕೊಟ್ಟರೂ ಸಾಕೆನ್ನುತ್ತದೆ. ಟಿಪ್ಸ್ ಸೇರಿ 7.25 ಡಾಲರ್ ಮುಟ್ಟಿದರಾಯಿತು. 1991ರಿಂದ ಆ 2.13 ಬದಲಾಗಿಲ್ಲ. ಹಲವು ರಾಜ್ಯಗಳು ಇದಕ್ಕಿಂತ ಹೆಚ್ಚು ಕೊಡಿಸುತ್ತವೆ, ನಿಜ. ಆದರೂ ಟಿಪ್ಸನ್ನು ಸಂಬಳದ ಲೆಕ್ಕಕ್ಕೆ ಹಿಡಿಯುವ ಆ ವ್ಯವಸ್ಥೆ ಭಾರತದ ಕಾನೂನಿನಲ್ಲಿಲ್ಲ, ಇರಲೂಬಾರದು. ಇಲ್ಲಿ ಕನಿಷ್ಠ ವೇತನ ಕೊಡುವುದು ಮಾಲೀಕರ ಹೊಣೆ.

ಬಿಲ್ಲಿನ ತಕರಾರಿಗೆ ಮರಳೋಣ. ಹಣ ಕಟ್ಟುವ ಮೊದಲೇ ಬಿಲ್ಲನ್ನು ಸಾಲುಸಾಲಾಗಿ ಓದಬೇಕು. ‘ಎಸ್.ಸಿ.’, ‘ವಿ.ಎಸ್.ಸಿ.’, ‘ಸ್ಟಾಫ್ ವೆಲ್‌ಫೇರ್’ ಎಂಬಂಥ ಸಾಲು ಕಂಡರೆ ಸಪ್ಲೈಯರ್ ಜೊತೆ ವಾದಕ್ಕಿಳಿಯದೆ ಮ್ಯಾನೇಜರನ್ನು ಕರೆದು, ಅದನ್ನು ತೆಗೆದು ಹೊಸ ಬಿಲ್ಲು ಕೊಡಿ ಎಂದು ಕೇಳಬೇಕು. ಎಷ್ಟೋ ಕಡೆ ಅಲ್ಲಿಗೇ ಮುಗಿಯುತ್ತದೆ. ಒಪ್ಪದಿದ್ದರೆ ಜಗಳ ಬೇಡ. ಹಣ ಕಟ್ಟಿ, ಬಿಲ್ಲು, ಹಣ ಹೋದ ದಾಖಲೆ ಮತ್ತು ಮೆನುವಿನ ಆ ಪುಟದ ಫೋಟೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬೇಕು. ಕನ್ನಡದಲ್ಲೇ ಮಾತನಾಡಬಹುದು. ದೂರನ್ನು ಅವರು ಹೋಟೆಲಿಗೆ ಕಳಿಸಿ ರಾಜಿಗೆ ಯತ್ನಿಸುತ್ತಾರೆ. ಜಿಲ್ಲಾಧಿಕಾರಿಗೂ ಲಿಖಿತ ದೂರು ಕೊಡಬಹುದು.

ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ದೂರುದಾರರು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು ಎಂಬುದು 2019ರ ಕಾಯ್ದೆ ತಂದ ದೊಡ್ಡ ಅನುಕೂಲ. ಗೋವಾಕ್ಕೆ ಪ್ರವಾಸ ಹೋಗಿ ಕಟ್ಟಿದ ಬಿಲ್ಲಿನ ಬಗ್ಗೆ ದಾವಣಗೆರೆಯವರು ದಾವಣಗೆರೆಯಲ್ಲೇ ಪ್ರಶ್ನಿಸಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂದಿಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. 2025ರ ಜನವರಿ 1ರಿಂದ ಆರಂಭವಾದ ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಲು ಅವಕಾಶವಿದೆ. 126 ರೂಪಾಯಿಗೆ ಇಷ್ಟೆಲ್ಲ ಯಾಕೆ ಎನಿಸುವುದು ಸಹಜ. ಒಂದೇ ಹೋಟೆಲಿನ ಮೇಲೆ ಸಹಾಯವಾಣಿಗೆ ದೂರುಗಳು ಸೇರುತ್ತ ಹೋದಂತೆ ಪ್ರಾಧಿಕಾರ ತಾನೇ ಕ್ರಮಕ್ಕಿಳಿಯುತ್ತದೆ. ದೆಹಲಿಯ ಐದು ರೆಸ್ಟೋರೆಂಟುಗಳಿಗೆ ನೋಟಿಸ್ ಹೋದದ್ದೂ ಸಹಾಯವಾಣಿಗೆ ಬಂದ ದೂರುಗಳಿಂದಲೇ.

ಹೋಟೆಲಿನಿಂದ ಹೊರಬಂದರೆ ಆಟೊ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಮೊದಲ ಎರಡು ಕಿ.ಮೀ.ಗೆ 36 ರೂಪಾಯಿ, ನಂತರ ಕಿ.ಮೀ.ಗೆ 18 ರೂಪಾಯಿ ಎಂಬ ದರ ಜಾರಿಗೆ ಬಂತು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆ ಪಟ್ಟು. ‘ಮೀಟರ್ ಮೇಲೆ ಐವತ್ತು ಕೊಡಿ’ ಎಂದು ಹತ್ತುವ ಮೊದಲೇ ಕೇಳುವುದು ಟಿಪ್ಸ್ ಅಲ್ಲ, ನಿಗದಿತ ದರದ ಉಲ್ಲಂಘನೆ. ಆ್ಯಪ್‌ಗಳು ಇದನ್ನೇ ಬಟನ್ ಒತ್ತುವ ಕೆಲಸವಾಗಿಸಿದವು. ಬೇಗ ಗಾಡಿ ಬೇಕಿದ್ದರೆ ಮೊದಲೇ ಟಿಪ್ಸ್ ಸೇರಿಸಿ ಎಂಬ ಸೂಚನೆ ಪರದೆಯ ಮೇಲೆ ಬರತೊಡಗಿತು. 2025ರ ಮೇ ತಿಂಗಳಲ್ಲಿ ಪ್ರಾಧಿಕಾರ ಈ ‘ಅಡ್ವಾನ್ಸ್ ಟಿಪ್ಸ್’ ಕುರಿತು ಉಬರ್‌ಗೆ ನೋಟಿಸ್ ಕೊಟ್ಟಿತು. ಟಿಪ್ಸ್ ಎಂಬುದು ಸೇವೆ ಮುಗಿದ ಮೇಲೆ ಮೆಚ್ಚಿ ಕೊಡುವಂಥದ್ದು ಎಂದು ಗ್ರಾಹಕ ವ್ಯವಹಾರಗಳ ಸಚಿವರೂ ಧಾರವಾಡದ ಸಂಸದರೂ ಆದ ಪ್ರಲ್ಹಾದ ಜೋಶಿ ಆಗ ಬಹಿರಂಗವಾಗಿಯೇ ಆಕ್ಷೇಪಿಸಿದರು. ಮಳೆ ಸುರಿಯುವಾಗ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದ ತಾಯಿ ಆ ಬಟನ್ ಒತ್ತುವುದು ಮೆಚ್ಚುಗೆಯಿಂದ ಅಲ್ಲ, ಬೇರೆ ದಾರಿಯಿಲ್ಲದೆ.

ಆ್ಯಪಿನಲ್ಲಿ ಕೊಟ್ಟ ಟಿಪ್ಸ್ ಡೆಲಿವರಿ ಹುಡುಗರಿಗೇ ಸೇರುತ್ತದೆಯೇ ಎಂಬ ಅನುಮಾನ ಇಟ್ಟುಕೊಳ್ಳುವುದೂ ತಪ್ಪಲ್ಲ. ಅಮೆರಿಕದಲ್ಲಿ ಅಮೆಜಾನ್ ತನ್ನ ಫ್ಲೆಕ್ಸ್ ಚಾಲಕರಿಗೆ ಗ್ರಾಹಕರು ಕೊಟ್ಟ ಟಿಪ್ಸನ್ನು ಪೂರ್ತಿ ಕೊಡಲಿಲ್ಲವೆಂಬ ಪ್ರಕರಣದಲ್ಲಿ 2021ರಲ್ಲಿ 6.17 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಗ್ರಾಹಕರು ಕೊಟ್ಟ ಹಣವನ್ನು ತಾನು ಕೊಡಬೇಕಿದ್ದ ಕೂಲಿಗೆ ಜಮಾ ಮಾಡಿಕೊಂಡಿತ್ತೆಂಬುದು ಅದರ ಮೇಲಿನ ಆರೋಪ.

ಗ್ಯಾಸ್ ಸಿಲಿಂಡರಿನ ವಿಷಯ ಪ್ರತಿ ಮನೆಯದು. ಸಿಲಿಂಡರಿನ ಬೆಲೆಯಲ್ಲಿ ನೋಂದಾಯಿತ ವಿಳಾಸಕ್ಕೆ ತಲುಪಿಸುವ ಖರ್ಚೂ ಸೇರಿದೆ. ಗೋದಾಮಿನಿಂದ ತಾವೇ ತಂದುಕೊಂಡರೆ ಆ ಮೊತ್ತವನ್ನು ಕಳೆದು ಬಿಲ್ಲು ಮಾಡಬೇಕು. ಆದ್ದರಿಂದ ಬಿಲ್ಲಿನ ಮೇಲೆ ಮೂವತ್ತು, ಐವತ್ತು ಕೊಡದಿದ್ದರೆ ಸಿಲಿಂಡರ್ ಇಳಿಸುವುದಿಲ್ಲ ಎಂದರೆ 1800-2333-555ಕ್ಕೆ ದೂರು ಕೊಡಬಹುದು. ತೂಕ ಮಾಡಿ ತೋರಿಸಿ ಎಂದು ಕೇಳುವ ಹಕ್ಕೂ ಇದೆ. ಸುಮಾರು 30 ಕೆ.ಜಿ. ಭಾರ ಹೊತ್ತು, ಲಿಫ್ಟ್ ಇಲ್ಲದ ಮೂರನೇ ಮಹಡಿ ಹತ್ತಿ ಬಂದವರಿಗೆ ಕುಡಿಯಲು ನೀರು, ಕೈಗೆ ಇಪ್ಪತ್ತೋ ಮೂವತ್ತೋ ರೂಪಾಯಿ ಕೊಡಲು ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಸರ್ಕಾರಿ ಕಚೇರಿ, ಸರ್ಕಾರಿ ಆಸ್ಪತ್ರೆಯ ಹೊಸ್ತಿಲು ದಾಟಿದ ಕೂಡಲೇ ಮಾತ್ರ ಎಲ್ಲವೂ ಬದಲಾಗುತ್ತದೆ. ಹೆರಿಗೆ ವಾರ್ಡಿನಲ್ಲಿ ಮಗುವನ್ನು ತೋರಿಸುವಾಗ ‘ಖುಷಿಗೆ ಏನಾದ್ರೂ ಕೊಡಿ’ ಎನ್ನುವುದು, ಪಹಣಿ ತಿದ್ದುಪಡಿಗೆ ‘ಕಾಫಿಗೆ’ ಕೇಳುವುದು ಟಿಪ್ಸ್ ಅಲ್ಲ, ಲಂಚ. ಸರ್ಕಾರಿ ಆಸ್ಪತ್ರೆಯ ಹೆರಿಗೆ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಂಪೂರ್ಣ ಉಚಿತ. ಭ್ರಷ್ಟಾಚಾರ ತಡೆ ಕಾಯ್ದೆಯ ಪ್ರಕಾರ ಲಂಚ ಪಡೆದವರಿಗೆ ಮೂರರಿಂದ ಏಳು ವರ್ಷ ಜೈಲು. 2018ರ ತಿದ್ದುಪಡಿಯ ನಂತರ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಸಿಕ್ಕಿ ಕೊಟ್ಟವರು ಏಳು ದಿನದೊಳಗೆ ದೂರು ಕೊಟ್ಟರೆ ಶಿಕ್ಷೆಯಿಂದ ಪಾರಾಗುತ್ತಾರೆ. ಕೊಡುವ ಮೊದಲೇ ಜಿಲ್ಲೆಯ ಲೋಕಾಯುಕ್ತ ಪೊಲೀಸರಿಗೆ ತಿಳಿಸಿದರಂತೂ ರಕ್ಷಣೆ ಇನ್ನೂ ಗಟ್ಟಿ.

ಕೊನೆಗೆ, ಟಿಪ್ಸ್ ಪಡೆಯುವವರ ಹಕ್ಕು. ಇದರ ಬಗ್ಗೆ ಯಾರೂ ಅವರಿಗೆ ಹೇಳುವುದೇ ಇಲ್ಲ. ಜೈಪುರದ ರಾಮ್‌ಬಾಗ್ ಪ್ಯಾಲೇಸ್ ಹೋಟೆಲಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1976ರಲ್ಲೇ, ಗ್ರಾಹಕರಿಂದ ಟಿಪ್ಸ್ ಎಂದು ಸಂಗ್ರಹಿಸಿದ ಹಣ ಕಾರ್ಮಿಕರಿಗೆ ತಲುಪಿಸಲೆಂದೇ ಇರುವಂಥದ್ದು, ಹೋಟೆಲಿನ ಆದಾಯವಲ್ಲ ಎಂದು ಕಂಡಿತು. 2016ರ ಏಪ್ರಿಲ್‌ನಲ್ಲಿ ಐಟಿಸಿ ಪ್ರಕರಣದ ತೀರ್ಪು ಇನ್ನೂ ಸ್ಪಷ್ಟ: ಬಿಲ್ಲಿನ ಮೂಲಕ ಬಂದ ಟಿಪ್ಸನ್ನು ಹಂಚುವ ಹೋಟೆಲು ಅಲ್ಲಿ ಕೇವಲ ಟ್ರಸ್ಟಿ, ಆ ಹಣ ಸಂಬಳವಲ್ಲ, ಸಂಬಳದ ಟಿಡಿಎಸ್ ಅದಕ್ಕೆ ಅನ್ವಯಿಸದು. ಪಡೆದವರು ಇತರ ಮೂಲದ ಆದಾಯವೆಂದು ತೋರಿಸಬೇಕು.

ಇದರ ಪ್ರಾಯೋಗಿಕ ಅರ್ಥ ಇಷ್ಟು. ‘ನಿಂಗೆ ಟಿಪ್ಸ್ ಬರುತ್ತಲ್ಲ’ ಎಂದು ಹೇಳಿ ಮಾಲೀಕರು ಸಪ್ಲೈಯರ್‌ನ ಕನಿಷ್ಠ ವೇತನಕ್ಕೆ ಕತ್ತರಿ ಹಾಕುವಂತಿಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯಡಿ, ಕನಿಷ್ಠಕ್ಕಿಂತ ಕಡಿಮೆ ಪಡೆದವರು ಮೂರು ವರ್ಷದೊಳಗೆ ಕಾರ್ಮಿಕ ಇಲಾಖೆಯ ನಿಯೋಜಿತ ಅಧಿಕಾರಿಯ ಮುಂದೆ ಕ್ಲೇಮು ಸಲ್ಲಿಸಬಹುದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಆ ಅಧಿಕಾರಿಗಿದೆ. ಮಾಲೀಕರ ಎದುರು ಒಬ್ಬರೇ ನಿಲ್ಲಲು ಭಯವಿದ್ದರೆ, ಅವರು ಸದಸ್ಯರಾಗಿರುವ ಕಾರ್ಮಿಕ ಸಂಘವೇ ಅವರ ಪರವಾಗಿ ಅರ್ಜಿ ಹಾಕಬಹುದು.