ಭದ್ರಾವತಿಯ ಸೊಳ್ಳೆ ಬೇರೆ, ಜಿಂಜಾದ ಸೊಳ್ಳೆ ಬೇರೆ

ಪ್ರಶ್ನೆ: ಮಗನಿಗೆ ಉಗಾಂಡಾದ ಜಿಂಜಾ ಎಂಬ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿದೆ. ಏಜೆಂಟರು ಲಸಿಕೆ, ಮಾತ್ರೆ ಅಂತ ಉದ್ದ ಪಟ್ಟಿ ಕೊಟ್ಟಿದ್ದಾರೆ. ಸೆಕೆ, ಮಳೆ, ಸೊಳ್ಳೆ ನೋಡಿಕೊಂಡೇ ಬೆಳೆದ ಹುಡುಗನಿಗೆ ಇಷ್ಟೆಲ್ಲ ಬೇಕೇ? ಅಲ್ಲಿನವರ ಜೊತೆ ಹೇಗೆ ನಡೆದುಕೊಳ್ಳಬೇಕು?
- ಓದುಗರೊಬ್ಬರು, ನ್ಯೂಟೌನ್, ಭದ್ರಾವತಿ

ಉತ್ತರ: ಬೇಕು. ಯುರೋಪಿನವರು ಅಂಥ ದೇಶಕ್ಕೆ ಹೋಗುವಾಗ ಹೆದರಿ ಹೆದರಿ ಕಾಲಿಡುತ್ತಾರೆ. ನಾವು ‘ಎಲ್ಲ ನಮ್ಮೂರಿನ ಹಾಗೇ ಇದೆಯಲ್ಲ’ ಅಂದುಕೊಂಡು ಇಳಿಯುತ್ತೇವೆ. ನಮ್ಮವರಿಗೆ ತೊಂದರೆ ಶುರುವಾಗುವುದೇ ಅಲ್ಲಿಂದ.

ಮೊದಲು ಹಳದಿ ಜ್ವರದ ಲಸಿಕೆ. ಇದಕ್ಕೂ ಕಾಮಾಲೆಗೂ ಗೊಂದಲ ಮಾಡಿಕೊಳ್ಳಬೇಡಿ, ಇದು ಸೊಳ್ಳೆಯಿಂದ ಬರುವ ವೈರಸ್ ಕಾಯಿಲೆ. ಉಗಾಂಡಾ ಇದರ ಪ್ರಮಾಣಪತ್ರ ಕೇಳುತ್ತದೆ. ಲಸಿಕೆ ಹಾಕಿಸಿದ 10 ದಿನಗಳ ನಂತರವಷ್ಟೇ ಅದಕ್ಕೆ ಮಾನ್ಯತೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಕೇಂದ್ರ ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಇದನ್ನು ಹಾಕುತ್ತಾರೆ. ಬೆಂಗಳೂರಿನಲ್ಲಿ ಮೊದಲೇ ದಿನ ಗೊತ್ತು ಮಾಡಿಕೊಳ್ಳಿ. ಮೊಟ್ಟೆಯ ಅಲರ್ಜಿ ಇದ್ದರೆ ಮುಚ್ಚಿಡದೆ ಹೇಳಲಿ. ಪ್ರಮಾಣಪತ್ರದ ಆ ಹಳದಿ ಪುಸ್ತಕ ವಾಪಸ್ ಬರುವಾಗಲೂ ಕೈಯಲ್ಲಿರಬೇಕು. ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಅದೇನು ಹಟವಲ್ಲ. ಈ ಜ್ವರ ನಮ್ಮಲ್ಲಿಲ್ಲ, ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ಇದೆ. ಶಿವಮೊಗ್ಗದಲ್ಲಿ ಡೆಂಗಿ ಹಂಚುವುದೂ ಅದೇ.

ಇನ್ನು ಮಲೇರಿಯಾ. ಹಿಂದೆ ಮಲೆನಾಡಿನ ಊರೂರೂ ಚಳಿಜ್ವರದಲ್ಲಿ ನಡುಗುತ್ತಿತ್ತು ನಿಜ. ಆದರೆ ಆ ನಡುಕದಿಂದ ಅಜ್ಜನಿಗೆ ಬಂದ ಅಲ್ಪಸ್ವಲ್ಪ ತಡೆಶಕ್ತಿ ಮೊಮ್ಮಗನಿಗೆ ಆಸ್ತಿಯ ಹಾಗೆ ಬರುವುದಿಲ್ಲ. ಪದೇಪದೇ ಸೋಂಕು ತಗುಲಿದವನಿಗೆ ಮಾತ್ರ ಅದು ಇರುತ್ತದೆ, ಅದೂ ಅರೆಬರೆ. ಜಿಂಜಾದಲ್ಲಿ ಹುಟ್ಟಿ ಬೆಳೆದ ಸಹೋದ್ಯೋಗಿ ಜ್ವರ ಬಂದ ಮಾರನೇ ದಿನವೇ ಶಿಫ್ಟಿಗೆ ಹಾಜರಾಗಬಹುದು. ಅವನನ್ನು ನೋಡಿ ನಿಮ್ಮ ಮಗ ಪ್ಯಾರಸಿಟಮಾಲ್ ನುಂಗಿ ಮಲಗಿದರೆ ಜೀವಕ್ಕೇ ಕುತ್ತು. ಅಲ್ಲಿ ಹೆಚ್ಚಾಗಿ ಇರುವುದು ಫಾಲ್ಸಿಪಾರಂ, ಮಿದುಳಿಗೂ ಏರುವ ಜಾತಿ. ಜ್ವರ ಕಾಣಿಸಿದ ದಿನವೇ ರಕ್ತ ಪರೀಕ್ಷೆ ಆಗಬೇಕು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ, ಆದ್ದರಿಂದ ಔಷಧಿ ಲೇಪಿಸಿದ ಸೊಳ್ಳೆಪರದೆ, ರಾತ್ರಿ ಪಾಳಿಗೆ ತುಂಬುತೋಳಿನ ಅಂಗಿ. ತಡೆಗಟ್ಟುವ ಮಾತ್ರೆಗಳಲ್ಲಿ ಯಾವುದು, ಎಷ್ಟು ಕಾಲ ಎನ್ನುವುದನ್ನು ಹೊರಡುವ ಮೊದಲೇ ವೈದ್ಯರು ಹೇಳಲಿ. ಊರಿಗೆ ಬಂದ ಮೇಲೂ ತಿಂಗಳುಗಟ್ಟಲೆ ತಡವಾಗಿ ಜ್ವರ ಬರಬಹುದು. ಆಗ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋದರೆ ಬಾಯಿ ಬಿಟ್ಟು ‘ಆಫ್ರಿಕಾದಿಂದ ಬಂದಿದ್ದೇನೆ’ ಅನ್ನಲಿ. ಹೇಳದಿದ್ದರೆ ಡೆಂಗಿ, ಇಲಿಜ್ವರ, ಮಂಗನ ಕಾಯಿಲೆ ಅಂತ ಇಲ್ಲಿನ ಜ್ವರಗಳನ್ನೇ ಹುಡುಕುತ್ತಾ ದಿನ ಕಳೆದುಹೋದೀತು.

ಏಜೆಂಟರ ಪಟ್ಟಿಯಲ್ಲಿ ಬಹುಶಃ ಇಲ್ಲದ ಒಂದು ಮಾತು. ವಿಕ್ಟೋರಿಯಾ ಸರೋವರದಿಂದ ನೈಲ್ ನದಿ ಹೊರಡುವುದು ಜಿಂಜಾದಲ್ಲೇ. ಗಾಂಧೀಜಿಯ ಚಿತಾಭಸ್ಮದ ಒಂದು ಪಾಲನ್ನು 1948ರಲ್ಲಿ ಅಲ್ಲಿ ಬಿಡಲಾಯಿತು, ದಡದಲ್ಲಿ ಅವರ ಪುತ್ಥಳಿಯೂ ಇದೆ. ಅಲ್ಲಿಗೆ ಹೋದ ಭಾರತೀಯ ಸುಮ್ಮನೆ ನಿಂತಾನೆಯೇ? ಪ್ಯಾಂಟು ಮಡಚಿ ನೀರಿಗಿಳಿದು, ಕಾಲು ತೊಳೆದು, ತಲೆಗೆ ನಾಲ್ಕು ಹನಿ ಪ್ರೋಕ್ಷಿಸಿಕೊಳ್ಳುತ್ತಾನೆ. ಭದ್ರೆಯಲ್ಲಿ ಈಜು ಕಲಿತವನಾದರೆ ಮುಳುಗಿಯೇ ಏಳುತ್ತಾನೆ. ಆ ಸರೋವರದ ಅಂಚಿನ ನೀರಿನಲ್ಲಿ ಒಂದು ಬಗೆಯ ಬಸವನಹುಳುಗಳಿವೆ. ಅವುಗಳಿಂದ ಹೊರಬೀಳುವ ಕಣ್ಣಿಗೆ ಕಾಣದ ಮರಿಹುಳು ಗಾಯವಿಲ್ಲದ ಚರ್ಮವನ್ನೂ ಕೆಲವೇ ನಿಮಿಷಗಳಲ್ಲಿ ಕೊರೆದು ಒಳಹೋಗುತ್ತದೆ. ಅದು ತರುವ ಕಾಯಿಲೆಯ ಹೆಸರು ಬಿಲ್ಹಾರ್ಜಿಯಾ. ಕರುಳು, ಪಿತ್ತಜನಕಾಂಗ ಹಾಳಾಗುವವರೆಗೂ ಸುಳಿವು ಕೊಡದೆ ಇರಬಲ್ಲದು. ಪ್ರಾಜಿಕ್ವಾಂಟೆಲ್ ಮಾತ್ರೆಗೆ ಬಗ್ಗುತ್ತದೆ, ಆದರೆ ಅನುಮಾನ ಬಂದರೆ ತಾನೇ ಮಾತ್ರೆ! ದಡದಲ್ಲೇ ನಿಂತು ಕೈಮುಗಿದರೂ ಗಾಂಧೀಜಿ ಬೇಸರ ಮಾಡಿಕೊಳ್ಳುವುದಿಲ್ಲ.

ಊಟಕ್ಕೆ ಪರದಾಟವಿಲ್ಲ. ಹಸಿ ಬಾಳೆಕಾಯಿ ಬೇಯಿಸಿ ನಾದಿದ ಮಟೋಕೆ, ಜೊತೆಗೆ ಶೇಂಗಾ ಗೊಜ್ಜು ಸಿಗುತ್ತದೆ. ಬೀದಿಯಲ್ಲಿ ‘ರೋಲೆಕ್ಸ್’ ಅಂತ ಮಾರುವುದು ಕೈಗಡಿಯಾರವಲ್ಲ, ಚಪಾತಿಯಲ್ಲಿ ಸುತ್ತಿದ ಆಮ್ಲೆಟ್. ಮೊಟ್ಟೆ ತಿನ್ನದವನಾದರೆ ಗೊತ್ತಿರಲಿ. ನೀರು ಕುದಿಸಿಯೇ ಕುಡಿಯಲಿ.

ನಡವಳಿಕೆಯ ವಿಷಯದಲ್ಲಿ ನಾನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಅಂಗಡಿಯಲ್ಲಿ ಉಪ್ಪು ಕೇಳುವ ಮೊದಲೂ ಅಲ್ಲಿ ಕುಶಲ ವಿಚಾರಿಸುತ್ತಾರೆ. ಗಂಡಸರಿಗೆ ‘ಸ್ಸೆಬೊ’, ಹೆಂಗಸರಿಗೆ ‘ನ್ಯಾಬೊ’ ಸೇರಿಸಿದರೆ ಮುಖ ಅರಳುತ್ತದೆ. ಕೇಳದೆ ಯಾರ ಫೋಟೊವನ್ನೂ ತೆಗೆಯಬಾರದು. ಇಷ್ಟನ್ನು ಯಾರಾದರೂ ಕಲಿಯುತ್ತಾರೆ. ನಮ್ಮವರು ಕಲಿಯದೇ ಉಳಿಯುವುದು ಹೆಲ್ಪರ್ ಹುಡುಗನನ್ನು, ಮನೆಗೆಲಸದವಳನ್ನು ಗದರದೆ ಮಾತಾಡಿಸುವುದನ್ನು. 1972ರಲ್ಲಿ ಉಗಾಂಡಾದ ಆಗಿನ ಸರ್ವಾಧಿಕಾರಿ ಇದಿ ಅಮೀನ್ ಏಷ್ಯನ್ನರಿಗೆ 90 ದಿನಗಳ ಗಡುವು ಕೊಟ್ಟು ದೇಶದಿಂದ ಓಡಿಸಿದ. ಅದು ಶುದ್ಧ ಅನ್ಯಾಯ, ಅನುಮಾನವೇ ಇಲ್ಲ. ಆದರೆ ಭಾರತೀಯ ಯಜಮಾನರು ಕರಿಯರನ್ನು ಕೀಳಾಗಿ ಕಾಣುತ್ತಾರೆಂಬ ಸಿಟ್ಟು ಅವನಿಗೆ ಸುಲಭದ ಆಯುಧವಾಯಿತು. ಜಿಂಜಾದ ಮುಖ್ಯಬೀದಿಯ ಹಳೇ ಕಟ್ಟಡಗಳ ಮೇಲೆ ಭಾರತೀಯರು ಬಿಟ್ಟುಹೋದ ಗುರುತುಗಳು ಇನ್ನೂ ಇವೆ. ಆ ಚರಿತ್ರೆಯನ್ನು ಮರೆತು ಮಾತಾಡಬಾರದು.

ತಲುಪಿದ ವಾರದಲ್ಲೇ ಕಂಪಾಲಾದ ಭಾರತೀಯ ಹೈಕಮಿಷನ್‌ನಲ್ಲಿ ಹೆಸರು ನೋಂದಾಯಿಸಲಿ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಗಿಡಮೂಲಿಕೆ ಮಾರಲು ಹೋಗಿದ್ದ ಶಿವಮೊಗ್ಗ, ಚನ್ನಗಿರಿ, ಹುಣಸೂರು ಕಡೆಯ ಹಕ್ಕಿಪಿಕ್ಕಿ ಜನ ಸಿಕ್ಕಿಬಿದ್ದಿದ್ದರು. ಯಾರು ಎಲ್ಲಿದ್ದಾರೆಂದು ತಿಳಿದರೆ ತಾನೇ ಕರೆತರುವುದು? ಪಾಸ್‌ಪೋರ್ಟಿನ, ಲಸಿಕೆ ಪುಸ್ತಕದ ಫೋಟೊ ನಿಮ್ಮ ಮೊಬೈಲಿನಲ್ಲೂ ಒಂದೊಂದು ಇರಲಿ.