ಬುಟ್ಟಿಯೊಳಗಿನ ಬೆಸಸಂಖ್ಯೆ

ಭೈರುಂಬೆ ಕಡೆಯ ಅಡಿಕೆ ತೋಟಗಳಲ್ಲಿ ಗೊಬ್ಬರ ಹೊರಲು, ಅಡಿಕೆ ತುಂಬಲು ಬುಟ್ಟಿ, ಹೆಡಿಗೆ ಬೇಕೇ ಬೇಕು. ಈಗ ಪ್ಲಾಸ್ಟಿಕ್ಕಿನದೂ ಬಂದಿದೆ ಬಿಡಿ. ಆದರೆ ಬಿದಿರಿನ ಬುಟ್ಟಿಯಲ್ಲಿ ನಮ್ಮಂಥ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮೂರು ಪಾಠಗಳಿವೆ.

ಮೊದಲನೆಯದು ವಸ್ತು. ಬಿದಿರಿನ ಹೊರಮೈಯಲ್ಲಿ ನಾರು ದಟ್ಟ, ಒಳಗೆ ಹೋದಂತೆ ವಿರಳ. ಹಾಗಾಗಿ ಎಳೆತ ತಡೆಯುವ ಶಕ್ತಿ ಹೊರಪದರಕ್ಕೇ ಹೆಚ್ಚು. ಮೇದಾರರು ಬಿದಿರು ಸೀಳಿ, ಆ ಸೀಳನ್ನು ಮತ್ತೆ ಪದರವಾಗಿ ಬಿಡಿಸುವಾಗ ಈ ವ್ಯತ್ಯಾಸ ಅವರ ಕೈಗೆ ಗೊತ್ತಿರುತ್ತದೆ.

ಎರಡನೆಯದು ಲೆಕ್ಕ. ಒಂದೇ ಎಳೆಯನ್ನು ಸುತ್ತುತ್ತಾ ಹೆಣೆಯುವಾಗ ನಿಂತ ಕಡ್ಡಿಗಳು 8 ಇವೆ ಅಂದುಕೊಳ್ಳಿ. ಎಳೆ 1ನೇ ಕಡ್ಡಿಯ ಮೇಲೆ, 2ನೆಯದರ ಕೆಳಗೆ, ಹೀಗೇ ಹೋಗಿ 8ನೆಯದರ ಕೆಳಗೆ ಬರುತ್ತದೆ. ಮುಂದಿನ ಸುತ್ತಿನಲ್ಲಿ 1ನೆಯದರ ಮೇಲೆಯೇ ಮತ್ತೆ ಬಂತು! ಅಂದ್ರೆ ಎರಡು ಸುತ್ತೂ ಒಂದೇ ಥರ, ಹಿಡಿತವೇ ಇಲ್ಲ. ಕಡ್ಡಿ 9 ಇದ್ದರೆ? ಎರಡನೇ ಸುತ್ತಿನಲ್ಲಿ ಎಳೆ 1ನೆಯದರ ಕೆಳಗೆ ಹೋಗುತ್ತದೆ, ಹೆಣಿಗೆ ಬಿಗಿಯಾಗುತ್ತದೆ. ಸಮಸಂಖ್ಯೆಯೇ ಇದ್ದರೆ ಒಂದು ಕಡ್ಡಿಯನ್ನು ಸೀಳಿ ಎರಡು ಮಾಡಬಹುದು, ಇಲ್ಲವೇ ಎರಡು ಎಳೆ ಬಳಸಬಹುದು. ಅಮೆರಿಕದ ಅರಿಜೋನಾದ ಹೋಪಿ ಹೆಂಗಸರ ಸುರುಳಿ ಬುಟ್ಟಿಗೆ ಈ ಲೆಕ್ಕ ಬೇಡ. ಅಲ್ಲಿ ಹುಲ್ಲಿನ ಕಟ್ಟಿಗೆ ಯುಕ್ಕಾ ಎಲೆಯ ಸೀಳು ಸುತ್ತಿ, ಕೆಳಗಿನ ಸುರುಳಿಗೇ ಹೊಲಿಯುತ್ತಾ ಹೋಗುತ್ತಾರೆ.

ಮೂರನೆಯದು ಕಚ್ಚಾವಸ್ತು. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆ ಬಂತು. ಅದಕ್ಕೆ ಸರಕಾರ ಟನ್ನಿಗೆ 1.50 ರೂಪಾಯಿಯಂತೆ ಕಾಡಿನ ಬಿದಿರು ಕೊಟ್ಟಿತು. ಬುಟ್ಟಿ ಹೆಣೆಯುವವರು ಮಾತ್ರ ಪೇಟೆಯ ದುಬಾರಿ ಬೆಲೆ ತೆರಬೇಕಿತ್ತು. ಬಿದಿರು ಸಿಗುತ್ತಿಲ್ಲವೆಂಬ ಅವರ ದೂರಿನ ಹಿನ್ನೆಲೆಯಲ್ಲಿ 1970ರ ದಶಕದಲ್ಲಿ ಮಾಧವ ಗಾಡ್ಗೀಳರು ಉತ್ತರ ಕನ್ನಡದ ಬಿದಿರನ್ನು ಅಧ್ಯಯನ ಮಾಡಿದರು. ಕಡಿಯಲು ಅನುಕೂಲವಾಗಲಿ, ಮೆಳೆ ಚೆನ್ನಾಗಿ ಬೆಳೆಯಲಿ ಎಂದು ಬುಡದ ಮುಳ್ಳು ಸವರುತ್ತಿದ್ದರು. ಹಳ್ಳಿಯವರು ಹೇಳಿದ್ದೇ ಬೇರೆ: ಆ ಮುಳ್ಳೇ ಕಳಲೆಗೆ ಬೇಲಿ, ಅದನ್ನು ತೆಗೆದರೆ ದನ, ಕಾಡುಪ್ರಾಣಿ ಎಳೆ ಕಳಲೆಯನ್ನು ತಿಂದುಬಿಡುತ್ತವೆ. ಅಧ್ಯಯನದಲ್ಲಿ ಕಂಡದ್ದೂ ಅದೇ.

ನಾವು ಯಂತ್ರದ ವಿನ್ಯಾಸ ಕಲಿಯುವಾಗ ಕಚ್ಚಾವಸ್ತು ಗೋದಾಮಿನಲ್ಲಿ ಇದ್ದೇ ಇದೆ ಎಂದು ಶುರು ಮಾಡುತ್ತೇವೆ. ಮೇದಾರರಿಗೆ ಆ ಅನುಕೂಲವಿಲ್ಲ. ಮೆಳೆಯಲ್ಲಿ ಕಳಲೆ ಉಳಿದರಷ್ಟೇ ಮುಂದಿನ ವರ್ಷಗಳ ಬುಟ್ಟಿ. ಸಂತೆಯಲ್ಲಿ ಬುಟ್ಟಿ ಕೊಳ್ಳುವಾಗ ಕಡ್ಡಿ ಎಣಿಸಿ ನೋಡಿ. ಹೆಣೆದವರು ಎದುರಿಗಿದ್ದರೆ ಬಿದಿರು ಎಲ್ಲಿಂದ ತಂದಿರಿ ಅಂತಲೂ ಕೇಳಿ.