ಇಂಗ್ಲಿಷಿನ ನುಡಿಗಟ್ಟುಗಳನ್ನು ಅರಿಯುವ ಬಗೆ



ವರ್ಷಾರಂಭದಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಲು ಬರುವ ತಾಯಂದಿರು ನಮ್ಮೊಡನೆ ಆಡುವ ಮಾತೊಂದುಂಟು: "ಹುಡುಗಿ ಇಂಗ್ಲಿಷನ್ನು ಓದುತ್ತಾಳೆ, ಬರೆಯುತ್ತಾಳೆ. ಆದರೆ ಯಾರಾದರೂ ಆ ಭಾಷೆಯಲ್ಲಿ ಮಾತನಾಡಿದರೆ ಒಂದೊಂದು ಶಬ್ದವೂ ತಿಳಿಯುತ್ತದೆ, ಹೇಳಿದ್ದೇನೆಂಬುದು ಮಾತ್ರ ತಿಳಿಯುವುದಿಲ್ಲ." ಈ ದೂರು ಸತ್ಯವಾದುದು. ಇದರ ಕಾರಣವೇನು, ಪರಿಹಾರವೇನು ಎಂಬುದನ್ನು ಈ ಸಂಚಿಕೆಯಲ್ಲಿ ನಮಗೆ ತಿಳಿದ ಮಟ್ಟಿಗೆ ವಿವರಿಸಲು ಬಯಸುತ್ತೇವೆ.

ಶಬ್ದಗಳಿಗೆ ಬಿಡಿಯಾಗಿರುವಾಗ ಒಂದು ಅರ್ಥ, ಕೂಡಿ ಬಾಳುವಾಗ ಮತ್ತೊಂದು ಅರ್ಥ. ಬಹುಕಾಲದ ಬಳಕೆಯಿಂದ ಹೀಗೆ ಕೂಡಿಕೊಂಡು ಹೊಸ ಅರ್ಥವನ್ನು ಪಡೆದ ಮಾತಿಗೆ ನುಡಿಗಟ್ಟು ಎಂದು ಹೆಸರು. ನೆರೆಯವಳಿಗೆ ಹೊಟ್ಟೆ ಉರಿಯಿತೆಂದು ಕೇಳಿದರೆ ನಾವು ವೈದ್ಯರನ್ನು ಕರೆಯಿಸುವುದಿಲ್ಲ. ಮಗನು ತಲೆ ತಿನ್ನುತ್ತಾನೆಂದು ತಾಯಿ ಹೇಳಿದರೆ ಯಾರೂ ಬೆದರುವುದಿಲ್ಲ. ಒಂದೇ 'ಹತ್ತು' ಎಂಬ ಕ್ರಿಯಾಪದವನ್ನು ನೋಡಿರಿ. ಮಗು ಮಂಚ ಹತ್ತುತ್ತದೆ, ಒಲೆ ಹತ್ತುತ್ತದೆ, ಕಣ್ಣಿಗೆ ನಿದ್ದೆ ಹತ್ತುತ್ತದೆ. ಕನ್ನಡದ ಮಗುವಿಗೆ ಇವನ್ನು ಯಾರೂ ಪಾಠ ಹೇಳಲಿಲ್ಲ; ತಾಯಿಯ ಮಡಿಲಿನಲ್ಲಿಯೇ ಅದು ಕಲಿಯಿತು. ಇಂಗ್ಲಿಷಿನಲ್ಲಿ 'ಪುಟ್' ಎಂಬ ಚಿಕ್ಕ ಶಬ್ದದ ಸ್ಥಿತಿಯೂ ಹೀಗೆಯೇ. 'ಪುಟ್ ಔಟ್' ಎಂದರೆ ದೀಪವನ್ನು ಆರಿಸುವುದು, 'ಪುಟ್ ಆಫ್' ಎಂದರೆ ಕೆಲಸವನ್ನು ಮುಂದಕ್ಕೆ ಹಾಕುವುದು, 'ಪುಟ್ ಬೈ' ಎಂದರೆ ಹಣವನ್ನು ಕೂಡಿಡುವುದು, 'ಪುಟ್ ಅಪ್ ವಿತ್' ಎಂದರೆ ಸಹಿಸಿಕೊಳ್ಳುವುದು. 'ಪುಟ್' ಎಂದರೆ ಇಡುವುದು ಎಂದಷ್ಟೇ ಕಲಿತ ಬಾಲಿಕೆಯು ಈ ನಾಲ್ಕರಲ್ಲಿಯೂ ದಾರಿ ತಪ್ಪುವಳು.

ಹೀಗೆ ದಾರಿ ತಪ್ಪಿದರೆ ನಷ್ಟವೇನು, ಪರೀಕ್ಷೆಯಲ್ಲಿ ಒಂದೆರಡು ಅಂಕಗಳು ತಾನೆ ಎಂದು ನಾವೂ ಒಂದು ಕಾಲಕ್ಕೆ ಎಣಿಸಿದ್ದೆವು. ಆ ಎಣಿಕೆಯನ್ನು ತಿದ್ದಿದವಳು ನಮ್ಮ ವಿದ್ಯಾರ್ಥಿನಿಯೊಬ್ಬಳು. ಅವಳು ಇಲ್ಲಿ ಓದು ಮುಗಿಸಿ ದಾದಿಯರ ಶಿಕ್ಷಣಕ್ಕೆ ಸೇರಿದ್ದಳು. ಒಂದು ಆಸ್ಪತ್ರೆಯಲ್ಲಿ ರಾತ್ರಿಯ ಕೆಲಸ. ವಿಷಮ ಜ್ವರದಿಂದ ಮಲಗಿದ್ದ ಬಾಲಕನನ್ನು ಪರೀಕ್ಷಿಸಿ ಹೊರಬಂದ ವೈದ್ಯರು ಕನ್ನಡ ಬಾರದವರು. ಅವರು ಇಂಗ್ಲಿಷಿನಲ್ಲಿ, ಬಾಲಕನು 'ಹ್ಯಾಸ್ ಟರ್ನ್ಡ್ ದ ಕಾರ್ನರ್', ಹೋಗಿ ತಾಯಿಗೆ ತಿಳಿಸು ಎಂದರು. ಮೂಲೆ ತಿರುಗಿದನು, ಕಣ್ಣಿಗೆ ಮರೆಯಾದನು, ಅಂದರೆ ಹೋಗಿಬಿಟ್ಟನು ಎಂದು ಇವಳು ಅರ್ಥಮಾಡಿಕೊಂಡಳು. ಜಗಲಿಯಲ್ಲಿ ಕುಳಿತಿದ್ದ ತಾಯಿಯ ಬಳಿಗೆ ಹೋಗಿ ತಲೆ ತಗ್ಗಿಸಿ ನಿಂತು ಅದನ್ನೇ ಹೇಳಿದಳು. ನಿಜವಾದ ಅರ್ಥವೋ, ಗಂಡಾಂತರ ಕಳೆಯಿತು, ಇನ್ನು ಭಯವಿಲ್ಲ ಎಂಬುದು. ಹಿರಿಯ ದಾದಿಯೊಬ್ಬರು ಬಂದು ಸತ್ಯವನ್ನು ತಿಳಿಸುವವರೆಗೆ ಆ ತಾಯಿಯು ಅನುಭವಿಸಿದ ಸಂಕಟವನ್ನು ಇಲ್ಲಿ ಬರೆಯಲಾರೆವು. ಹುಡುಗನು ಬದುಕಿ ಮನೆಗೆ ಹೋದನು, ದೇವರಿಗೆ ಸ್ತೋತ್ರ.

ಆ ವಿದ್ಯಾರ್ಥಿನಿಯು ಮುಂದೊಂದು ದಿನ ನಮ್ಮಲ್ಲಿಗೆ ಬಂದು ಇದನ್ನು ಹೇಳಿ ಕಣ್ಣೀರಿಟ್ಟಳು. ತಪ್ಪು ನಿನ್ನದಲ್ಲವೆಂದು ಸಮಾಧಾನ ಹೇಳಿದಾಗ ಅವಳು ಮೆಲ್ಲನೆ, "ನುಡಿಗಟ್ಟುಗಳ ಪಟ್ಟಿಯಲ್ಲಿ ನನಗೆ ಪೂರ್ತಿ ಅಂಕ ಬಂದಿತ್ತು, ಅಮ್ಮ. ಒಮ್ಮೆ ತರಗತಿಯಲ್ಲಿ ಒಂದರ ಅರ್ಥವನ್ನು ಕೇಳಿದೆ, ಎಲ್ಲರೂ ನಕ್ಕರು. ಆಮೇಲೆ ಎಲ್ಲಿಯೂ ಕೇಳುವ ಧೈರ್ಯ ಬರಲಿಲ್ಲ. ಆ ರಾತ್ರಿಯೂ ಕೇಳಲಿಲ್ಲ" ಎಂದಳು. ಆ ತರಗತಿಯಲ್ಲಿ ಪಾಠ ಹೇಳುತ್ತಿದ್ದವರು ನಾವೇ. ಹುಡುಗಿಯರ ನಗೆಯನ್ನು ನಾವು ತಡೆಯಲಿಲ್ಲ. ನಾವೂ ನಕ್ಕಿದ್ದೆವೋ ಏನೋ. ಪಟ್ಟಿಯನ್ನು ಬಾಯಿಪಾಠ ಮಾಡಿಸಿದೆವು, ಕೇಳುವುದನ್ನು ಕಲಿಸಲಿಲ್ಲ. ಅಂದಿನಿಂದ ನಾವು ಪಾಠದ ಕ್ರಮವನ್ನು ಬದಲಾಯಿಸಿಕೊಂಡೆವು. ಈಗ ಅನುಸರಿಸುತ್ತಿರುವ ಕ್ರಮ ಹೀಗಿದೆ.

ನುಡಿಗಟ್ಟುಗಳನ್ನು ಮೂರು ಬಗೆಯಾಗಿ ವಿಂಗಡಿಸಿಕೊಳ್ಳತಕ್ಕದ್ದು. ಮೊದಲನೆಯವು ಎರಡು ಭಾಷೆಗಳಲ್ಲಿಯೂ ಸರಿಸಮವಾಗಿ ಹೊಂದುವಂಥವು. 'ಕ್ಯಾಸಲ್ಸ್ ಇನ್ ದಿ ಏರ್' ಎಂಬುದು ನಮ್ಮ ಗಾಳಿಗೋಪುರವೇ; 'ಥ್ರೋ ಡಸ್ಟ್ ಇನ್ ದಿ ಐಸ್' ಎಂಬುದು ಕಣ್ಣಿಗೆ ಮಣ್ಣೆರಚುವುದೇ; 'ಅಪ್ಪರ್ ಹ್ಯಾಂಡ್' ಎಂಬುದು ಮೇಲುಗೈಯೇ. ಇವುಗಳಲ್ಲಿ ಶ್ರಮವಿಲ್ಲ. ಮನುಷ್ಯನ ಮನಸ್ಸು ಎಲ್ಲ ನಾಡುಗಳಲ್ಲಿಯೂ ಒಂದೇ ಎಂಬ ಸಂತೋಷ ಮಾತ್ರ ಉಂಟು.

ಎರಡನೆಯವು ನೋಡುವುದಕ್ಕೆ ನೆಂಟರು, ಗುಣದಲ್ಲಿ ಅಪರಿಚಿತರು. ಇವುಗಳಲ್ಲಿಯೇ ಹೆಚ್ಚಿನ ಎಚ್ಚರಿಕೆ ಬೇಕು. 'ಗಿವ್ ಎ ಹ್ಯಾಂಡ್' ಎಂದರೆ ನೆರವಾಗುವುದು. ನಮ್ಮಲ್ಲಿ ಕೈ ಕೊಟ್ಟನೆಂದರೆ ಸಮಯಕ್ಕೆ ಮೋಸಮಾಡಿದನೆಂದರ್ಥ. 'ಪುಲ್ ಒನ್ಸ್ ಲೆಗ್' ಎಂದರೆ ಇಂಗ್ಲಿಷರಿಗೆ ಕೇವಲ ವಿನೋದ. ನಮ್ಮಲ್ಲಿ ಕಾಲೆಳೆಯುವವನು ಮೇಲೇರುವವನನ್ನು ಕೆಳಕ್ಕೆ ತರುವವನೂ ಆಗಬಹುದು. 'ವಾಷ್ ಒನ್ಸ್ ಹ್ಯಾಂಡ್ಸ್' ಎಂದರೆ ಈ ವಿಷಯದಲ್ಲಿ ತನ್ನ ಹೊಣೆಯಿಲ್ಲವೆಂದು ಬಿಡುವುದು. ಕನ್ನಡದಲ್ಲಿ ಆಸ್ತಿಗೆ ಕೈ ತೊಳೆದುಕೊಂಡನೆಂದರೆ ಅದನ್ನು ಕಳೆದುಕೊಂಡನೆಂದರ್ಥ.

ಮೂರನೆಯವು ಒಂದು ಕಥೆಯ ಮೇಲೆ ನಿಂತಿರುವಂಥವು. ಕಥೆಯನ್ನರಿಯದೆ ಇವುಗಳ ಅರ್ಥವು ಒದಗದು. ಇವುಗಳಲ್ಲಿ ಅನೇಕವು ಸತ್ಯವೇದದಿಂದ ಬಂದವು. 1526ರಲ್ಲಿ ಟಿಂಡೇಲನು ಅಚ್ಚುಮಾಡಿಸಿದ ಹೊಸ ಒಡಂಬಡಿಕೆಯೂ 1611ರ ಅಧಿಕೃತ ಭಾಷಾಂತರವೂ ಇಂಗ್ಲಿಷರ ಮನೆಮಾತಿನಲ್ಲಿ ಬೆರೆತುಹೋದುವು. ಆದುದರಿಂದ ಪ್ರಾರ್ಥನೆಯ ವೇಳೆಯಲ್ಲಿ ಕನ್ನಡ ವೇದಪಾಠವನ್ನು ಕೇಳಿದ ನಮ್ಮ ಮಕ್ಕಳಿಗೆ, ಅವರು ಯಾವ ಮತದವರಾಗಿರಲಿ, ಇಲ್ಲಿ ಒಂದು ಅನುಕೂಲವುಂಟು. ಪಿಲಾತನು ಜನರ ಮುಂದೆ ನೀರು ತೆಗೆದುಕೊಂಡು ಕೈ ತೊಳೆದ ಸಂಗತಿಯನ್ನು ಬಲ್ಲವಳಿಗೆ ಮೇಲೆ ಹೇಳಿದ ಮಾತು ಎಂದಿಗೂ ಮರೆಯದು. ಬೇಲ್ಶಚ್ಚರ ರಾಜನ ಔತಣದಲ್ಲಿ ಗೋಡೆಯ ಮೇಲೆ ಬರೆದ ಕೈಯನ್ನು ಬಲ್ಲವಳಿಗೆ 'ರೈಟಿಂಗ್ ಆನ್ ದಿ ವಾಲ್' ಎಂದರೆ ಬರಲಿರುವ ಕೇಡಿನ ಸೂಚನೆಯೆಂದು ಹೇಳಿಕೊಡಬೇಕಾಗಿಲ್ಲ. ಇದನ್ನು ನಮ್ಮ ಹಣೆಬರಹದೊಡನೆ ಹೋಲಿಸಿ ನೋಡಿರಿ. ಹಣೆಯ ಬರಹವು ಯಾರಿಗೂ ಕಾಣದು. ಗೋಡೆಯ ಬರಹವು ಓದಬಲ್ಲವರಿಗೆಲ್ಲ ಕಾಣುವುದು. ಇಂಥ ಹೋಲಿಕೆಯಿಂದ ಎರಡು ಭಾಷೆಗಳ ತಿಳಿವಳಿಕೆಯೂ ಬೆಳೆಯುತ್ತದೆ.

ಹೊರನಾಡುಗಳಿಗೆ ಹೋಗುವ ಹಳೆಯ ವಿದ್ಯಾರ್ಥಿನಿಯರಿಗೆ ಮತ್ತೊಂದು ಮಾತು. ನಮ್ಮ ದೇಶದ ಇಂಗ್ಲಿಷಿಗೂ ತನ್ನದೇ ಆದ ರೂಢಿಗಳಿವೆ. ಇಂಗ್ಲಿಷರ ಆಡಳಿತದಲ್ಲಿ ಅಧಿಕಾರಿಯು ನೆಲೆಸಿದ ಊರಿಗೆ ಸ್ಟೇಷನ್ ಎಂದು ಹೆಸರಿತ್ತು. ಅದರಿಂದ ಊರಿನಲ್ಲಿಲ್ಲದವರನ್ನು ಇಂದಿಗೂ 'ಔಟ್ ಆಫ್ ಸ್ಟೇಷನ್' ಎನ್ನುತ್ತೇವೆ. ಇಲ್ಲಿ ಕಾಲೇಜು ಮುಗಿಸಿದವಳು 'ಪಾಸ್ಡ್ ಔಟ್'. ಲಂಡನ್ನಿನಲ್ಲಿ ಹಾಗೆಂದರೆ ಮೂರ್ಛೆ ಹೋದಳೆಂದು ಭಾವಿಸುವರು. ಇಲ್ಲಿ 'ಡೌಟ್' ಇದೆಯೆಂದರೆ ಕೇಳಬೇಕಾದ ಪ್ರಶ್ನೆಯಿದೆಯೆಂದರ್ಥ. ಅಲ್ಲಿ, ಹೇಳಿದವರ ಮಾತಿನಲ್ಲಿ ನಂಬಿಕೆಯಿಲ್ಲವೆಂದು ತೋರಬಹುದು. ಇವು ನಾಚಿಕೆಪಡತಕ್ಕ ತಪ್ಪುಗಳಲ್ಲ. ಊರಿಗೆ ತಕ್ಕ ಉಡುಪಿನಂತೆ ಕೇಳುವವರಿಗೆ ತಕ್ಕ ಮಾತು ಬೇಕು, ಅಷ್ಟೆ.

ಇನ್ನು ಅಭ್ಯಾಸದ ಕ್ರಮ. ಒಂದು ನೋಟ್ ಪುಸ್ತಕದಲ್ಲಿ ಮೂರು ಅಂಕಣಗಳನ್ನು ಗೆರೆಹಾಕಿಕೊಳ್ಳಬೇಕು. ಮೊದಲನೆಯದರಲ್ಲಿ ನುಡಿಗಟ್ಟನ್ನು ಬಿಡಿಸದೆ, ಅದು ಕಂಡುಬಂದ ವಾಕ್ಯದೊಡನೆ ಬರೆಯಬೇಕು. ಎರಡನೆಯದರಲ್ಲಿ ಯಾರು, ಯಾರೊಡನೆ, ಎಂಥ ಸಂದರ್ಭದಲ್ಲಿ ಆಡಿದರೆಂದು ಬರೆಯಬೇಕು. ಮೂರನೆಯದನ್ನು ಮನೆಯಲ್ಲಿ ತುಂಬಿಸಬೇಕು: "ಇಂಥ ಸಮಯದಲ್ಲಿ ನಾವು ಕನ್ನಡದಲ್ಲಿ ಏನನ್ನುತ್ತೇವೆ?" ಎಂದು ತಾಯಿಯನ್ನೋ ಅಜ್ಜಿಯನ್ನೋ ಕೇಳಬೇಕು. ಇಂಗ್ಲಿಷಿನ ಒಂದಕ್ಷರವನ್ನೂ ಅರಿಯದ ಅಜ್ಜಿಯು ಇಲ್ಲಿ ನಮ್ಮ ಸಹೋಪಾಧ್ಯಾಯಿನಿಯಾಗುತ್ತಾಳೆ. 'ಐ ಕೆನಾಟ್ ಸ್ಟಮಕ್ ಇಟ್' ಎಂಬುದರ ಅರ್ಥವನ್ನು ಬಾಲಿಕೆಯೊಬ್ಬಳು ವಿವರಿಸಿದಾಗ ಅವಳ ಅಜ್ಜಿಯು, ಅದನ್ನು ಹೊಟ್ಟೆಗೆ ಹಾಕಿಕೊಳ್ಳಲಾರೆ ಎಂದಂತಾಯಿತಲ್ಲವೆ ಎಂದರಂತೆ. ಇದಕ್ಕಿಂತ ಒಳ್ಳೆಯ ಅರ್ಥವನ್ನು ನಾವು ಹೇಳಲಾರೆವು.

ನಿಘಂಟನ್ನು ನೋಡುವಾಗಲೂ ಮೊದಲನೆಯ ಅರ್ಥಕ್ಕೆ ನಿಲ್ಲದೆ ಕೊನೆಯವರೆಗೆ ಓದತಕ್ಕದ್ದು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಈ ನಾಡಿಗೆ ಬಂದ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಸುಮಾರು 70,000 ಶಬ್ದಗಳ ಆ ಗ್ರಂಥದಲ್ಲಿ ಅವರು ಶಬ್ದಕ್ಕೆ ಅರ್ಥವನ್ನು ಕೊಟ್ಟು ಸುಮ್ಮನಾಗದೆ, ಜನರ ಬಾಯಲ್ಲಿದ್ದ ಗಾದೆಗಳನ್ನೂ ಕವಿಗಳ ಪ್ರಯೋಗಗಳನ್ನೂ ಕೂಡಿಸಿದರು. ಪರಭಾಷೆಯನ್ನು ಕಲಿಯಲು ಬಂದವರು ಕೇಳಿ ಕೇಳಿ ಕಲಿತ ಬಗೆ ಅದು. ನಮ್ಮ ಊರಿನ ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಹೊರತಂದ ಇಂಗ್ಲಿಷ್-ಕನ್ನಡ ನಿಘಂಟು ಮಕ್ಕಳಿಗೆ ಎದುರು ದಿಕ್ಕಿನ ದಾರಿಯನ್ನು ತೆರೆಯಿತು. ಈಗ ಕೈಯಲ್ಲಿ ಹಿಡಿಯುವ ದೂರವಾಣಿಯೇ ಕ್ಷಣಮಾತ್ರದಲ್ಲಿ ಅರ್ಥವನ್ನು ತೋರಿಸುತ್ತದೆ. ಸಂದರ್ಭವನ್ನು ನೋಡುವ ಶ್ರಮವಾದರೋ ಓದುವವರದೇ.

ಕಡೆಯದಾಗಿ ತಂದೆತಾಯಿಗಳಲ್ಲಿ ಒಂದು ವಿನಂತಿ. ಮಗಳು ತಿಳಿಯದ ಮಾತನ್ನು ಕೇಳಿದಾಗ, ಇಷ್ಟು ಓದಿ ಇದೂ ಬಾರದೆ ಎಂದು ಹಂಗಿಸಬೇಡಿರಿ. ಅಣ್ಣತಮ್ಮಂದಿರು ನಗಲು ಬಿಡಬೇಡಿರಿ. ನಮ್ಮ ಶಾಲೆಯಲ್ಲಿ ಈಗ ಪ್ರಶ್ನೆ ಕೇಳಿದವಳನ್ನು ನೋಡಿ ಯಾರೂ ನಗಕೂಡದೆಂಬ ನಿಯಮವುಂಟು, ಅದು ಉಪಾಧ್ಯಾಯಿನಿಯರಿಗೂ ಅನ್ವಯಿಸುತ್ತದೆ. ಆ ದಾದಿಯು ಇಂದು ಹೊಸದಾಗಿ ಸೇರಿದ ಹುಡುಗಿಯರಿಗೆ ತಾನೇ ಕಲಿಸುತ್ತಾಳೆ. ಮೊದಲ ದಿನ ಅವರಿಗೆ ಹೇಳಿಕೊಡುವ ಇಂಗ್ಲಿಷ್ ವಾಕ್ಯ ಒಂದೇ ಎಂದು ನಮಗೆ ಬರೆದಿದ್ದಾಳೆ: ನೀವು ಹೇಳಿದ್ದು ನನಗೆ ತಿಳಿಯಲಿಲ್ಲ, ದಯವಿಟ್ಟು ಇನ್ನೊಮ್ಮೆ ಹೇಳಿರಿ.